ಲೇಹ್‌ನ ಹಾಫ್ ಮ್ಯಾರಥಾನ್‌ಗೆ ಐದು ದಿನದ ರಜೆ ಸಾಕೇ?

ಪ್ರಶ್ನೆ: ನನಗೆ 44 ವರ್ಷ, ಚಿಕ್ಕಬಳ್ಳಾಪುರದಲ್ಲಿ ಪ್ರೌಢಶಾಲಾ ಶಿಕ್ಷಕಿ. ಕೆಲವು ವರ್ಷಗಳಿಂದ ಓಡುತ್ತಿದ್ದೇನೆ. ವಾರದಲ್ಲಿ ಮೂರು ದಿನ ಕಂದವಾರ ಕೆರೆಯ ಕಡೆ ಓಡುತ್ತೇನೆ. ಭಾನುವಾರ ನಂದಿಬೆಟ್ಟದ ರಸ್ತೆಯನ್ನು ಬುಡದಿಂದ ತುದಿಯವರೆಗೆ ಹತ್ತಿ ಇಳಿಯುತ್ತೇನೆ. ಬೆಂಗಳೂರಿನಲ್ಲಿ ಹಾಫ್ ಮ್ಯಾರಥಾನನ್ನು 2 ಗಂಟೆ 25 ನಿಮಿಷದಲ್ಲಿ ಮುಗಿಸಿದ್ದೇನೆ. ಬರುವ ಸೆಪ್ಟೆಂಬರ್‌ನಲ್ಲಿ ಲೇಹ್‌ನಲ್ಲಿ ನಡೆಯುವ ಲಡಾಖ್ ಮ್ಯಾರಥಾನ್‌ನ 21 ಕಿ.ಮೀ. ಓಟಕ್ಕೆ ನಾಲ್ವರು ಗೆಳತಿಯರು ಹೆಸರು ಕೊಡಬೇಕೆಂದಿದ್ದೇವೆ. ಶಾಲೆ ನಡೆಯುವ ಕಾಲವಾದ್ದರಿಂದ ಐದು ದಿನಕ್ಕಿಂತ ಹೆಚ್ಚು ರಜೆ ಕೇಳಲು ಹಿಂಜರಿಕೆ. ಗುರುವಾರ ದೆಹಲಿಯಿಂದ ವಿಮಾನ, ಭಾನುವಾರ ಓಟ, ಸೋಮವಾರ ಹಿಂತಿರುಗುವುದು ಎಂಬ ಲೆಕ್ಕ ಹಾಕಿದ್ದೇವೆ. ನಂದಿಬೆಟ್ಟ ಹತ್ತುವವರಿಗೆ ಲೇಹ್ ಕಷ್ಟವಲ್ಲ ಎಂದು ಜೊತೆಯವರು ಹೇಳುತ್ತಾರೆ. ಬೆಳ್ಳುಳ್ಳಿ, ಕರ್ಪೂರ, ಆಕ್ಸಿಜನ್ ಡಬ್ಬಿ, ಡಯಮಾಕ್ಸ್ ಮಾತ್ರೆ ಎಂದು ಒಬ್ಬೊಬ್ಬರದು ಒಂದೊಂದು ಸಲಹೆ. ಬಿಪಿಗೆ ದಿನವೂ ಆಮ್ಲೋಡಿಪಿನ್ 5 ಮಿ.ಗ್ರಾಂ. ತೆಗೆದುಕೊಳ್ಳುತ್ತೇನೆ, ಕಳೆದ ತಿಂಗಳ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.8 ಇತ್ತು. ನನ್ನ ತಮ್ಮ ಮಾತ್ರ ಹೋಗಲೇಬೇಡ ಎನ್ನುತ್ತಾನೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಬೆರೆತಿವೆ. 21 ಕಿಲೋಮೀಟರ್ ಓಡುವ ಶಕ್ತಿ ನಿಮಗಿದೆಯೇ ಎಂಬುದು ಮೊದಲನೆಯದು. ಇದೆ, ನಿಮ್ಮ ಅಭ್ಯಾಸದ ಕ್ರಮ ಓದಿದ ಮೇಲೆ ಆ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಊರಿಗೆ ಗುರುವಾರ ಇಳಿದ ದೇಹ ಭಾನುವಾರ ಅಷ್ಟು ದೂರ ಓಡಲು ಸಿದ್ಧವಾಗಿರುತ್ತದೆಯೇ ಎಂಬುದು ಎರಡನೆಯದು. ಅದಕ್ಕೆ ನನ್ನ ಉತ್ತರ, ಇಲ್ಲ. ನಿಮ್ಮ ತಮ್ಮನ ಆತಂಕ ಸಕಾರಣವಾದದ್ದೇ, ಆದರೆ ಅದಕ್ಕೆ ಪರಿಹಾರ ಹೋಗದೇ ಇರುವುದಲ್ಲ. ಓಟಕ್ಕೆ ಮುಂಚೆ ಲೇಹ್‌ನಲ್ಲಿ ಕಳೆಯುವ ದಿನಗಳನ್ನು ಹೆಚ್ಚಿಸಿಕೊಳ್ಳುವುದು. ನೀವು ಇನ್ನಷ್ಟು ಕಿಲೋಮೀಟರ್ ಓಡಿ ಆ ದಿನಗಳ ಕೊರತೆಯನ್ನು ತುಂಬಿಕೊಳ್ಳಲು ಆಗುವುದಿಲ್ಲ ಎಂಬುದನ್ನೇ ಈ ಉತ್ತರದಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಲಡಾಖ್‌ನಲ್ಲಿ ಗಿಡಮರಗಳಿಲ್ಲ, ಆದ್ದರಿಂದ ಅಲ್ಲಿ ಆಮ್ಲಜನಕ ಕಡಿಮೆ ಎಂಬ ಮಾತನ್ನು ನಮ್ಮಲ್ಲಿ ಓದುಬರಹ ಬಲ್ಲವರೂ ಹೇಳುತ್ತಾರೆ. ಅದು ನಿಜವಲ್ಲ. ಚಿಕ್ಕಬಳ್ಳಾಪುರದ ಗಾಳಿಯಲ್ಲೂ ಲೇಹ್‌ನ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ 21ರಷ್ಟೇ. ವ್ಯತ್ಯಾಸವಿರುವುದು ಗಾಳಿಯ ಒತ್ತಡದಲ್ಲಿ. ಸಮುದ್ರಮಟ್ಟದಲ್ಲಿ ಅದು 760 ಮಿಲಿಮೀಟರ್ ಪಾದರಸದಷ್ಟಿದ್ದರೆ ಲೇಹ್‌ನಲ್ಲಿ ಸುಮಾರು 500. ಎಂದರೆ ಒಂದೊಂದು ಉಸಿರಿನಲ್ಲೂ ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೆಯ ಎರಡು ಭಾಗದಷ್ಟು ಮಾತ್ರ. ದೆಹಲಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣವನ್ನು ಲೇಹ್‌ನ ಕೋಣೆಯಲ್ಲಿ ಚೀಲದಿಂದ ಹೊರತೆಗೆದರೆ ಅದು ಒಡೆಯುವಂತೆ ಉಬ್ಬಿರುತ್ತದೆ. ಹೊರಗಿನ ಒತ್ತಡ ಎಷ್ಟು ಇಳಿದಿದೆ ಎಂಬುದಕ್ಕೆ ಅದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ. ನಿಮ್ಮ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿಬೆಟ್ಟದ ತುದಿ 1,478 ಮೀಟರ್. ನೀವು ಪ್ರತಿ ಭಾನುವಾರ ಹತ್ತುವ ಬೆಟ್ಟಕ್ಕಿಂತ ಲೇಹ್ ಇನ್ನೂ ಎರಡು ಸಾವಿರ ಮೀಟರ್ ಮೇಲಿದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ನಂದಿಬೆಟ್ಟದಲ್ಲಿ ಎಷ್ಟು ಬಾರಿ ಓಡಿದರೂ ಆ ಗಡಿಯ ಹತ್ತಿರಕ್ಕೂ ಹೋಗಿರುವುದಿಲ್ಲ.

ಹಾಗೆಂದು ಆ ಭಾನುವಾರದ ಓಟ ವ್ಯರ್ಥವಲ್ಲ. ಅದನ್ನು ಬಿಡಬೇಡಿ. ಏರಿನಲ್ಲಿ ಉಸಿರಿನ ಲಯವನ್ನು ಹಿಡಿದಿಡುವುದು, ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಭಾರ ತಡೆಯುವುದನ್ನು ಕಲಿಯುವುದು, ಇವೆರಡೂ ಲೇಹ್‌ನಲ್ಲಿ ಉಪಯೋಗಕ್ಕೆ ಬರುತ್ತವೆ. ಲೇಹ್ ಪಟ್ಟಣ ಸಿಂಧೂ ನದಿಯ ದಂಡೆಗಿಂತ ಇನ್ನೂರು ಮುನ್ನೂರು ಮೀಟರ್ ಮೇಲಿದೆ. ನದಿಯ ಕಡೆಗೆ ಇಳಿದು ಮತ್ತೆ ಊರಿಗೆ ಮರಳುವ ಯಾವುದೇ ಓಟದಲ್ಲಿ ಏರು ಎದುರಾಗುವುದು ಕಾಲು ಸೋತ ಮೇಲೆ. ಆದ್ದರಿಂದ ಬೆಟ್ಟದ ಅಭ್ಯಾಸದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳಿ. ಮೊದಲು ಬುಡದ ಸುತ್ತಲಿನ ಸಮತಟ್ಟಾದ ರಸ್ತೆಯಲ್ಲಿ ಎಂಟು ಹತ್ತು ಕಿಲೋಮೀಟರ್ ಓಡಿ, ಆಮೇಲೆ ಬೆಟ್ಟ ಹತ್ತಿ. ದಣಿದ ಕಾಲಿನಲ್ಲಿ ಹತ್ತುವುದು ಬೇರೆಯದೇ ಆದ ಪಾಠ. ನಂದಿಬೆಟ್ಟ ನಿಮ್ಮ ಕಾಲನ್ನು ತಯಾರು ಮಾಡುತ್ತದೆ, ರಕ್ತವನ್ನಲ್ಲ.

ಫಿಟ್ ಆಗಿರುವವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ, ಮತ್ತು ನನ್ನ ಅನುಭವದಲ್ಲಿ ಅತ್ಯಂತ ಅಪಾಯಕಾರಿಯಾದದ್ದು. ತುಮಕೂರಿನಲ್ಲಿ ನನ್ನ ಬಳಿ ಮೊಣಕಾಲಿನ ನೋವಿಗೆ ಬರುತ್ತಿದ್ದ ಯುವಕನೊಬ್ಬ ದೇವರಾಯನದುರ್ಗದ ರಸ್ತೆಯಲ್ಲಿ ತನ್ನ ಗುಂಪಿನ ಯಾರೂ ಹಿಂದಿಕ್ಕಲಾಗದ ಓಟಗಾರ. ಲೇಹ್‌ಗೆ ಇಳಿದ ಸಂಜೆಯೇ ಐದು ಕಿಲೋಮೀಟರ್ ಓಡಿದ. ರಾತ್ರಿ ತಲೆನೋವು ಬಂದರೂ ಜೊತೆಯವರಿಗೆ ಹೇಳಲು ಸಂಕೋಚವಾಯಿತು. ಮರುದಿನ ಅವರೊಂದಿಗೆ, ಲೇಹ್‌ಗಿಂತಲೂ ಬಹಳ ಎತ್ತರದ ಕಣಿವೆದಾರಿಯಾದ ಖರ್ದುಂಗ್ ಲಾ ನೋಡಲು ಹೋದ. ಎರಡನೆಯ ರಾತ್ರಿ ಒಣಕೆಮ್ಮು ಶುರುವಾಗಿ, ಮಲಗಿದರೆ ಉಸಿರು ಕಟ್ಟಿದಂತಾಗಿ, ಬೆಳಗಿನ ಜಾವ ಆಸ್ಪತ್ರೆಗೆ ಸೇರಿಸಬೇಕಾಯಿತು. ಪುಣ್ಯಕ್ಕೆ ಸಕಾಲಕ್ಕೆ ಆಮ್ಲಜನಕ ಸಿಕ್ಕಿ ಚೇತರಿಸಿಕೊಂಡ. ಅವನೊಂದಿಗೆ ಹೋಗಿದ್ದ, ಅವನಿಗಿಂತ ಬಹಳ ನಿಧಾನವಾಗಿ ಓಡುವ, ವಯಸ್ಸಿನಲ್ಲಿ ಹಿರಿಯರಾದ ಒಬ್ಬರಿಗೆ ಏನೂ ಆಗಲಿಲ್ಲ, ಏಕೆಂದರೆ ಅವರು ಮೊದಲ ಎರಡು ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ದೇಹದಾರ್ಢ್ಯ ಇರುವವರು ಬೇಗ ಬೇಗ ಮೇಲಕ್ಕೆ ಹೋಗುತ್ತಾರೆ, ಲಕ್ಷಣಗಳನ್ನು ಮುಚ್ಚಿಡುತ್ತಾರೆ. ಅಪಾಯಕ್ಕೆ ಸಿಕ್ಕುವುದು ಹಾಗೆ.

ಕಾಯಿಲೆಯ ಮಾತು ಬಿಟ್ಟು ಬರೀ ಓಟದ ವೇಗವನ್ನೇ ನೋಡಿದರೂ ಎತ್ತರ ಯಾರನ್ನೂ ಬಿಡುವುದಿಲ್ಲ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೋ ಸಿಟಿ 2,240 ಮೀಟರ್ ಎತ್ತರದಲ್ಲಿದೆ, ಅಂದರೆ ಹೆಚ್ಚುಕಡಿಮೆ ನಮ್ಮ ಊಟಿಯಷ್ಟು. ಅಲ್ಲಿ 10,000 ಮೀಟರ್ ಓಟದ ವಿಶ್ವದಾಖಲೆ ಹೊಂದಿದ್ದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ ಅಲ್ಲೇ ಕುಸಿದುಬಿದ್ದರು. ಅವರಿಗೆ ಆಮ್ಲಜನಕ ಕೊಡಬೇಕಾಯಿತು. ಲೇಹ್ ಅದಕ್ಕಿಂತ ಸಾವಿರದ ಇನ್ನೂರು ಮೀಟರ್‌ಗೂ ಹೆಚ್ಚು ಮೇಲಿದೆ. ಅಲ್ಲಿ ಚೆನ್ನಾಗಿ ಒಗ್ಗಿಕೊಂಡ ಓಟಗಾರರಲ್ಲೂ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಐದನೆಯ ಒಂದು ಭಾಗದ ಆಸುಪಾಸು ಇಳಿದಿರುತ್ತದೆ.

ಎತ್ತರಕ್ಕೆ ಹೋದ ದೇಹ ಮಾಡುವ ಕೆಲಸಗಳಿಗೆ ಅವುಗಳದೇ ಆದ ಕಾಲಕ್ರಮವಿದೆ, ಅದನ್ನು ತಿಳಿದುಕೊಂಡರೆ ರಜೆಯ ಲೆಕ್ಕ ತಾನಾಗಿ ಸ್ಪಷ್ಟವಾಗುತ್ತದೆ. ಮೊದಲ ಗಂಟೆಗಳಲ್ಲೇ ಉಸಿರಾಟ ಮತ್ತು ಎದೆಬಡಿತ ಜೋರಾಗುತ್ತವೆ. ಜೋರಾಗಿ ಉಸಿರಾಡಿದಷ್ಟೂ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮಿದುಳು, ಇನ್ನು ಸಾಕು ಎಂಬಂತೆ ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಈ ಕಡಿವಾಣ ಸಡಿಲವಾಗಬೇಕಾದರೆ ಮೂತ್ರಪಿಂಡಗಳು ರಕ್ತದಲ್ಲಿನ ಕ್ಷಾರೀಯ ಅಂಶವಾದ ಬೈಕಾರ್ಬೊನೇಟನ್ನು ಹೊರಹಾಕಬೇಕು. ಅದಕ್ಕೆ ಮೂರರಿಂದ ಐದು ದಿನ ಬೇಕು. ಹೊಸ ಕೆಂಪು ರಕ್ತಕಣಗಳು ಗಮನಾರ್ಹವಾಗಿ ಹೆಚ್ಚಲು ಮೂರು ನಾಲ್ಕು ವಾರಗಳೇ ಹಿಡಿಯುತ್ತವೆ, ಆದ್ದರಿಂದ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ನೀವು ನೆಚ್ಚಿಕೊಳ್ಳಬಹುದಾದದ್ದು ಉಸಿರಾಟದ ಹೊಂದಾಣಿಕೆಯೊಂದನ್ನೇ. ನಿಮ್ಮ ಯೋಜನೆಯಂತೆ ಹೋದರೆ ಅದು ಅರ್ಧ ದಾರಿಯಲ್ಲಿರುವಾಗ, ದೇಹ ಅತ್ಯಂತ ದುರ್ಬಲವಾಗಿರುವ ಹೊತ್ತಿನಲ್ಲಿ, ನೀವು ಓಟದ ಗೆರೆಯಲ್ಲಿ ನಿಂತಿರುತ್ತೀರಿ.

ಈ ವಿಷಯದಲ್ಲಿ ಜಗತ್ತಿಗೆ ಬಹಳಷ್ಟು ತಿಳಿವಳಿಕೆ ಬಂದದ್ದು ನಮ್ಮ ಸೈನಿಕರಿಂದಲೇ. 1960ರ ದಶಕದಲ್ಲಿ ಬಯಲುಸೀಮೆಯಿಂದ ಹಿಮಾಲಯದ ಗಡಿಗೆ ಅವಸರದಲ್ಲಿ ಕಳುಹಿಸಲಾದ ಯೋಧರಲ್ಲಿ ಎತ್ತರದ ಕಾಯಿಲೆಯನ್ನು ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿ ವೈದ್ಯರು ಅಧ್ಯಯನ ಮಾಡಿ, 1,925 ಯೋಧರ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ಇಂದು ನಮ್ಮ ಸೇನೆ 2,700ರಿಂದ 3,600 ಮೀಟರ್ ಎತ್ತರಕ್ಕೆ ಹೋಗುವ ಯೋಧರಿಗೆ ಆರು ದಿನಗಳ ಒಗ್ಗುವಿಕೆಯ ಕ್ರಮವನ್ನು ಕಡ್ಡಾಯ ಮಾಡಿದೆ. ಮೊದಲ ಎರಡು ದಿನ ವಿಶ್ರಾಂತಿ. ಮೂರು ಮತ್ತು ನಾಲ್ಕನೆಯ ದಿನ ಒಂದೂವರೆಯಿಂದ ಮೂರು ಕಿಲೋಮೀಟರ್ ನಿಧಾನದ ನಡಿಗೆ, ಕಡಿದಾದ ಏರು ಇಲ್ಲ. ಐದು ಮತ್ತು ಆರನೆಯ ದಿನ ಐದು ಕಿಲೋಮೀಟರ್‌ವರೆಗೆ ನಡಿಗೆ, ಮುನ್ನೂರು ಮೀಟರ್‌ವರೆಗೆ ನಿಧಾನದ ಏರು. ಇಪ್ಪತ್ತರ ಹರೆಯದ, ದಿನವೂ ಕಸರತ್ತು ಮಾಡುವ ಯೋಧರಿಗೆ ನಾಲ್ಕನೆಯ ದಿನ ಮೂರು ಕಿಲೋಮೀಟರ್ ನಡಿಗೆಯೇ ಮಿತಿ. ನಿಮ್ಮ ಯೋಜನೆಯಲ್ಲಿ ಅದೇ ನಾಲ್ಕನೆಯ ದಿನ 21 ಕಿಲೋಮೀಟರ್ ಓಟವಿದೆ. ಶಾಲೆಯಲ್ಲಿ ರಜೆ ಕೇಳುವಾಗ ಈ ಒಂದು ಹೋಲಿಕೆಯನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟರೂ ತಪ್ಪಿಲ್ಲ.

ಎತ್ತರದ ಕಾಯಿಲೆಯನ್ನು ಗುರುತಿಸುವುದನ್ನು ನೀವು ನಾಲ್ವರೂ ಕಲಿತಿರಬೇಕು. ತಲುಪಿದ ಆರರಿಂದ ಹನ್ನೆರಡು ಗಂಟೆಯೊಳಗೆ ತಲೆನೋವು, ಅದರೊಂದಿಗೆ ವಾಕರಿಕೆ, ಸುಸ್ತು, ತಲೆಸುತ್ತು, ಊಟ ಸೇರದಿರುವುದು ಕಾಣಿಸಿಕೊಂಡರೆ ಅದು ಸಾಮಾನ್ಯ ರೂಪದ ಎತ್ತರದ ಕಾಯಿಲೆ. ಹೆಚ್ಚಿನವರಲ್ಲಿ ವಿಶ್ರಾಂತಿಯಿಂದ ಒಂದೆರಡು ದಿನದಲ್ಲಿ ಇಳಿಯುತ್ತದೆ. ಹ್ಯಾಂಗೋವರ್‌ನಂತಿದೆ, ಪ್ರಯಾಣದ ಆಯಾಸ, ಬಿಸಿಲಿನ ತಲೆನೋವು ಎಂದು ತಳ್ಳಿಹಾಕಬಾರದು. ಎತ್ತರದಲ್ಲಿ ತಲೆನೋವು ಬಂದರೆ, ಬೇರೆ ಕಾರಣ ಖಚಿತವಾಗುವವರೆಗೆ, ಅದು ಎತ್ತರದ್ದೇ. ಅಪರೂಪಕ್ಕೆ ಬರುವ ಎರಡು ಉಗ್ರ ರೂಪಗಳು ಪ್ರಾಣಕ್ಕೆ ಎರವಾಗುವಂಥವು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಒಂದು: ಇದು ಸಾಮಾನ್ಯವಾಗಿ ಎರಡನೆಯ ರಾತ್ರಿಯಿಂದ ನಾಲ್ಕನೆಯ ದಿನದೊಳಗೆ ಶುರುವಾಗುತ್ತದೆ, ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ಮೊನ್ನೆ ಸುಲಭವಾಗಿ ಹತ್ತಿದ್ದ ಮೆಟ್ಟಿಲನ್ನು ಇಂದು ಹತ್ತಲಾಗದಿರುವುದು ಇದರ ಗುರುತು. ಮಿದುಳಿನಲ್ಲಿ ಊತ ಬರುವುದು ಇನ್ನೊಂದು. ಅದನ್ನು ಪತ್ತೆಮಾಡುವ ವಿಧಾನ ಸುಲಭ: ನೆಲದ ಟೈಲ್ಸ್‌ಗಳ ನಡುವಿನ ಗೆರೆಯ ಮೇಲೆ, ಒಂದು ಹೆಜ್ಜೆಯ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಹನ್ನೆರಡು ಹೆಜ್ಜೆ ನಡೆಯಲು ಹೇಳಿ. ತೂರಾಡಿದರೆ, ಅಥವಾ ಮಾತು ತೊದಲಿದರೆ, ಮಲಗಲು ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಲೇಹ್‌ನ ಜಿಲ್ಲಾ ಆಸ್ಪತ್ರೆಯಾದ ಸೋನಂ ನೊರ್ಬೂ ಸ್ಮಾರಕ ಆಸ್ಪತ್ರೆಯ ವೈದ್ಯರಿಗೆ ಇದು ನಿತ್ಯ ಪರಿಚಿತವಾದ ಕಾಯಿಲೆ.

ಲೇಹ್‌ನ ವಿಷಯದಲ್ಲಿ ಬಹಳ ಮಂದಿ ಯೋಚಿಸದ ಸಂಗತಿಯೊಂದಿದೆ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು ಎಂದು ಎಲ್ಲ ಕಡೆ ಹೇಳಲಾಗುತ್ತದೆ. ಆದರೆ ಲೇಹ್‌ನಿಂದ ರಸ್ತೆಯಲ್ಲಿ ಹೊರಟರೆ ಪೂರ್ತಿ ಕೆಳಗಿಳಿಯುವ ಮೊದಲು ಎತ್ತರದ ಕಣಿವೆದಾರಿಗಳನ್ನು ಏರಬೇಕು. ಶ್ರೀನಗರದ ಕಡೆ ಹೋದರೆ 4,108 ಮೀಟರ್‌ನ ಫೋಟು ಲಾ ಅಡ್ಡ ಬರುತ್ತದೆ, ಮನಾಲಿಯ ಕಡೆಯ ಕಣಿವೆದಾರಿಗಳು ಇನ್ನೂ ಎತ್ತರ. ವಿಮಾನ ಸಿಗುವುದು ಹಗಲಿನಲ್ಲಿ, ಅದೂ ಹವೆ ಚೆನ್ನಾಗಿದ್ದರೆ. ನಂದಿಬೆಟ್ಟದಲ್ಲಿ ಮೈಗೆ ಹುಷಾರಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೆಳಗಿರುತ್ತೀರಿ, ಅಲ್ಲಿ ಹಾಗಲ್ಲ. ತಡೆಗಟ್ಟುವುದರ ಬೆಲೆ ಲೇಹ್‌ನಲ್ಲಿ ಹೆಚ್ಚಾಗಲು ಇದೇ ಕಾರಣ.

ಇನ್ನು ನಿಮಗೆ ಬಂದಿರುವ ಸಲಹೆಗಳು. ಬೆಳ್ಳುಳ್ಳಿ ಸಾರು ಬಿಸಿಯಾಗಿ ಹೊಟ್ಟೆಗೆ ಹಿತ, ಧಾರಾಳವಾಗಿ ಕುಡಿಯಿರಿ; ಆದರೆ ಅದು ಎತ್ತರದ ಕಾಯಿಲೆಯನ್ನು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಕರ್ಪೂರ ಮೂಸಿದರೆ ಮೂಗು ತೆರೆದ ಅನುಭವವಾಗುತ್ತದೆಯೇ ಹೊರತು ಒಂದು ಹನಿ ಆಮ್ಲಜನಕವೂ ಹೆಚ್ಚು ಒಳಹೋಗುವುದಿಲ್ಲ, ಮತ್ತು ಅದನ್ನು ನುಂಗಿದರೆ ವಿಷ. ಅಂಗಡಿಯಲ್ಲಿ ಸಿಗುವ ಹಗುರ ಆಕ್ಸಿಜನ್ ಡಬ್ಬಿಯಲ್ಲಿರುವುದು ಕೆಲವೇ ಲೀಟರ್. ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ, ಧೈರ್ಯಕ್ಕೆ ಮಾತ್ರ. ಉಸಿರಿಗೆ ತಡೆಯೊಡ್ಡುವ ಮಾಸ್ಕ್ ಹಾಕಿಕೊಂಡು ಓಡುವುದರಿಂದ ಉಸಿರಾಟದ ಸ್ನಾಯುಗಳು ದಣಿಯುತ್ತವೆ, ಗಾಳಿಯ ಒತ್ತಡ ಇಳಿಯುವುದಿಲ್ಲ. ಪ್ರಾಣಾಯಾಮ ರೂಢಿಯಿದ್ದರೆ ಮುಂದುವರಿಸಿ. ಆಳವಾದ ನಿಧಾನದ ಉಸಿರಾಟ ಆ ಹೊತ್ತಿಗೆ ನೆಮ್ಮದಿ ಕೊಡುತ್ತದೆ, ಆದರೆ ಉಸಿರು ಕಟ್ಟಿ ಹಿಡಿಯುವ ಕುಂಭಕವನ್ನು ಲೇಹ್‌ನಲ್ಲಿ ಮಾಡಬೇಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಯ್ಯಬಹುದು. ಮೊದಲ ದಿನ ಅದು 85ರಿಂದ 90ರ ನಡುವೆ ತೋರಿಸಿದರೆ ಅಲ್ಲಿ ಅದು ಸಾಮಾನ್ಯ, ಗಾಬರಿಯಾಗಬೇಡಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಾಗಿ ಬರುತ್ತದೆ. ಅಂಕಿಗಿಂತ ಲಕ್ಷಣಗಳನ್ನೇ ಹೆಚ್ಚು ನಂಬಿ.

ಡಯಮಾಕ್ಸ್, ಅಂದರೆ ಅಸಿಟಜೋಲಮೈಡ್, ನಿಜವಾಗಿಯೂ ಕೆಲಸ ಮಾಡುವ ಮಾತ್ರೆ. ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಬೇಗ ಹೊರಹಾಕುವಂತೆ ಮಾಡಿ, ನಾನು ಮೇಲೆ ಹೇಳಿದ ಕಡಿವಾಣವನ್ನು ಸಡಿಲಿಸುತ್ತದೆ. ಅದು ಲಕ್ಷಣಗಳನ್ನು ಮರೆಮಾಚುವುದಿಲ್ಲ, ಒಗ್ಗುವಿಕೆಯನ್ನೇ ಚುರುಕುಗೊಳಿಸುತ್ತದೆ. ದೆಹಲಿಯಿಂದ ನೇರವಾಗಿ ಹಾರಿ ಹೋಗುವವರಿಗೆ ಸಾಮಾನ್ಯವಾಗಿ 125 ಮಿ.ಗ್ರಾಂ.ನಂತೆ ದಿನಕ್ಕೆರಡು ಬಾರಿ, ಹೊರಡುವ ಹಿಂದಿನ ದಿನದಿಂದ ತಲುಪಿದ ಎರಡು ದಿನಗಳವರೆಗೆ ಕೊಡುತ್ತೇವೆ. ಸಲ್ಫಾ ಔಷಧಿಗಳಿಗೆ ತೀವ್ರ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಬೆರಳುಗಳಲ್ಲಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು, ಸೋಡಾದಂಥ ಪಾನೀಯ ಸಪ್ಪೆ ಎನಿಸುವುದು ಇದರ ಮಾಮೂಲು ಅಡ್ಡಪರಿಣಾಮಗಳು. ಊರಿನಲ್ಲೇ ಒಂದು ದಿನ ತೆಗೆದುಕೊಂಡು ನೋಡಿದರೆ ಅಲ್ಲಿ ಗಾಬರಿಯಾಗುವುದು ತಪ್ಪುತ್ತದೆ. ಕಠಿಣ ವ್ಯಾಯಾಮದ ಸಾಮರ್ಥ್ಯವನ್ನು ಇದು ತುಸು ತಗ್ಗಿಸುತ್ತದೆ. ಓಟಗಾರರಿಗೆ ಯಾರೂ ಹೇಳದ ಇನ್ನೊಂದು ವಿಷಯವೆಂದರೆ, ಇದು ಮೂತ್ರವರ್ಧಕಗಳ ಗುಂಪಿನಲ್ಲಿ ವಿಶ್ವ ಉದ್ದೀಪನಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ನಿಮ್ಮಂಥ ಹವ್ಯಾಸಿ ಓಟಗಾರರನ್ನು ಪರೀಕ್ಷೆಗೆ ಕರೆಯುವುದು ಅಪರೂಪವಾದರೂ, ನಿಮ್ಮ ಗುಂಪಿನಲ್ಲಿ ಬಹುಮಾನಕ್ಕಾಗಿ ಓಡುವವರಿದ್ದರೆ ಅವರಿಗೆ ಇದು ತಿಳಿದಿರಬೇಕು. ಮತ್ತು ಈ ಮಾತ್ರೆಯ ಬಲದ ಮೇಲೆ ಗುರುವಾರ ಇಳಿದು ಭಾನುವಾರ ಓಡುವುದು ಸರಿಯಲ್ಲ. ದಿನಗಳ ಜೊತೆಗೆ ಮಾತ್ರೆ, ದಿನಗಳ ಬದಲಿಗೆ ಅಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ಹಿಮೋಗ್ಲೋಬಿನ್. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಗಾಳಿಯಲ್ಲಿ ಆಮ್ಲಜನಕ ತೆಳುವಾಗಿರುವ ಊರಿಗೆ ಅದನ್ನು ಹೊತ್ತೊಯ್ಯುವ ಕಣಗಳೇ ಕಡಿಮೆಯಿರುವ ರಕ್ತದೊಂದಿಗೆ ಹೋಗುವುದು ಎರಡು ಕಡೆಯಿಂದ ಕೊರತೆ ಮಾಡಿಕೊಂಡಂತೆ. ನಮ್ಮ ಕಡೆಯ ಓಟಗಾರ್ತಿಯರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಮೆಟ್ಟಿಲು ಹತ್ತುವಾಗಿನ ಆಯಾಸವನ್ನೂ ಅಭ್ಯಾಸ ಸಾಲದು ಎಂದೇ ಅವರು ಭಾವಿಸಿ ಇನ್ನಷ್ಟು ಓಡುತ್ತಾರೆ. ನಲವತ್ತರ ನಡುವಿನಲ್ಲಿ ಮುಟ್ಟಿನ ಸ್ರಾವ ಹೆಚ್ಚಾಗಿರುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಹಾಗಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು, ಬರೀ ಕಬ್ಬಿಣದ ಮಾತ್ರೆ ನುಂಗಿದರೆ ಸೋರುವಿಕೆ ನಿಲ್ಲುವುದಿಲ್ಲ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಅದು ದೇಹದಲ್ಲಿರುವ ಕಬ್ಬಿಣದ ದಾಸ್ತಾನನ್ನು ತೋರಿಸುತ್ತದೆ. ಎತ್ತರದಲ್ಲಿ ಹೊಸ ರಕ್ತಕಣ ಮಾಡಲು ದೇಹ ಆ ದಾಸ್ತಾನಿಗೇ ಕೈಹಾಕುತ್ತದೆ.

ಕಬ್ಬಿಣದ ಕೊರತೆಯೇ ಕಾರಣವೆಂದು ಖಚಿತವಾದರೆ, ಸರಿಯಾದ ಚಿಕಿತ್ಸೆಯಿಂದ ಹಿಮೋಗ್ಲೋಬಿನ್ ತಿಂಗಳಿಗೆ ಸುಮಾರು ಒಂದು ಗ್ರಾಂನಂತೆ ಏರುತ್ತದೆ. ಸೆಪ್ಟೆಂಬರ್‌ಗೆ ಮೂರು ತಿಂಗಳಿದ್ದರೆ 10.8ರಿಂದ 12 ದಾಟುವುದು ಅಸಾಧ್ಯವಲ್ಲ, ಆದರೆ ಶುರು ಮಾಡುವುದು ಈ ವಾರವೇ ಆಗಬೇಕು. ಮಾತ್ರೆ ತೆಗೆದುಕೊಂಡ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ನಿಂಬೆರಸವೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಹೀರುವಿಕೆ ಚೆನ್ನಾಗಿರುತ್ತದೆ. ರಾಗಿ ತಿಂದರೆ ರಕ್ತ ತುಂಬುತ್ತದೆ ಎಂಬ ನಂಬಿಕೆ ನಮ್ಮ ಜಿಲ್ಲೆಗಳಲ್ಲಿ ಗಟ್ಟಿಯಾಗಿದೆ. ಮುದ್ದೆಯಲ್ಲಿ ಸುಣ್ಣದಂಶ ಹೇರಳವಾಗಿದೆ, ಓಟಗಾರರಿಗೆ ಅದು ಒಳ್ಳೆಯ ಆಹಾರವೇ. ಆದರೆ ರಾಗಿಯ ಸಿಪ್ಪೆಯಲ್ಲಿರುವ ಅಂಶಗಳು ಕಬ್ಬಿಣದ ಹೀರುವಿಕೆಗೆ ಅಡ್ಡಿಯಾಗುತ್ತವೆ. ಮೊಳಕೆ ಕಟ್ಟಿ ಮಾಡಿದ ಹಿಟ್ಟಿನಲ್ಲಿ ಆ ಅಡ್ಡಿ ಕಡಿಮೆ. ಒಟ್ಟಿನಲ್ಲಿ ಮುದ್ದೆ ಉಣ್ಣಿ, ಕಬ್ಬಿಣದ ಮಾತ್ರೆಯನ್ನು ಅದರ ಜೊತೆ ನುಂಗಬೇಡಿ. ಆಗಸ್ಟ್ ಕೊನೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗಲೂ 11ರ ಕೆಳಗೇ ಇದ್ದರೆ, ಈ ವರ್ಷ ಲೇಹ್‌ನಲ್ಲಿ ಓಡಬೇಡಿ ಎಂದೇ ನಾನು ಹೇಳುತ್ತೇನೆ.

ಬಿಪಿಯ ವಿಷಯ ಇಷ್ಟು ಕಳವಳಕಾರಿಯಲ್ಲ. ಆಮ್ಲೋಡಿಪಿನ್ ಓಟಕ್ಕೆ ಅಡ್ಡಿಮಾಡುವ ಔಷಧಿಯಲ್ಲ, ಎತ್ತರದಲ್ಲೂ ಮುಂದುವರಿಸಬೇಕು. ಎತ್ತರಕ್ಕೆ ಹೋದ ಮೊದಲ ಒಂದೆರಡು ವಾರ ಬಿಪಿ ತುಸು ಏರುವುದು ಸಹಜ, ಆದ್ದರಿಂದ ಹೊರಡುವ ಮೊದಲೇ ಅದು ಹತೋಟಿಯಲ್ಲಿರಬೇಕು. ಹೊರಡುವ ಮುಂಚಿನ ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ಅಳೆದು ಬರೆದಿಟ್ಟು ನಿಮ್ಮ ವೈದ್ಯರಿಗೆ ತೋರಿಸಿ. ಈ ನಡುವೆ ಅವರು ಮಾತ್ರೆ ಬದಲಿಸುವುದಾದರೆ ಲೇಹ್‌ನ ವಿಷಯ ಹೇಳಿ: ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥವು ಎದೆಬಡಿತ ಏರದಂತೆ ತಡೆಯುತ್ತವೆ, ಮೂತ್ರವರ್ಧಕ ಬೆರೆತ ಮಾತ್ರೆಗಳು ಒಣಹವೆಯಲ್ಲಿ ನೀರಿನಂಶವನ್ನು ಇನ್ನಷ್ಟು ಕಳೆಯುತ್ತವೆ. ನಲವತ್ತು ದಾಟಿ ಬಿಪಿ ಇರುವ ಎಲ್ಲರಿಗೂ ನಾನು ಹೇಳುವಂತೆ, ಒಮ್ಮೆ ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಿ.

ಈಗ ನಿಮ್ಮ ಮುಂದಿರುವ ದಾರಿಗಳು. ಓಟಕ್ಕೆ ಎಂಟು ಒಂಬತ್ತು ದಿನ ಮೊದಲೇ ಲೇಹ್ ತಲುಪುವುದು ಅತ್ಯುತ್ತಮ. ಅಷ್ಟು ಸಾಧ್ಯವಿಲ್ಲವೆಂದರೆ ಪೂರ್ತಿ ಆರು ದಿನ ಕಳೆದು ಏಳನೆಯ ದಿನ ಓಡುವುದು ನಾನು ಒಪ್ಪುವ ಕನಿಷ್ಠ. ಅದರಲ್ಲೂ ಅಪಾಯ ಪೂರ್ತಿ ಹೋಗಿರುವುದಿಲ್ಲ, ಓಟ ನಿಧಾನವಾಗುತ್ತದೆ. ರಸ್ತೆಯಲ್ಲಿ ಹೋಗುವುದು ಇನ್ನೊಂದು ದಾರಿ. ಶ್ರೀನಗರದಲ್ಲಿ ಒಂದು ರಾತ್ರಿ, 2,700 ಮೀಟರ್ ಹತ್ತಿರವಿರುವ ಕಾರ್ಗಿಲ್‌ನಲ್ಲಿ ಒಂದೆರಡು ರಾತ್ರಿ ತಂಗಿ ಲೇಹ್ ಸೇರಿದರೆ ದೇಹ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ದಾರಿಯಲ್ಲಿ ಎತ್ತರದ ಕಣಿವೆದಾರಿ ದಾಟಿದರೂ ತೊಂದರೆಯಿಲ್ಲ, ಮುಖ್ಯವಾದದ್ದು ಮಲಗುವ ಎತ್ತರ. ಮನಾಲಿಯ ದಾರಿ ನೋಡಲು ಸೊಗಸು, ಆದರೆ ಆ ದಾರಿಯಲ್ಲಿ ಹಲವರು ರಾತ್ರಿ ತಂಗುವ ಸರ್ಚು ಲೇಹ್‌ಗಿಂತಲೂ ಎತ್ತರ, ಸುಮಾರು 4,300 ಮೀಟರ್. ಒಗ್ಗದ ದೇಹಕ್ಕೆ ಅದು ವಿಮಾನಕ್ಕಿಂತ ಕೆಟ್ಟದ್ದು. ಐದು ದಿನದ ರಜೆಯನ್ನು ಹೆಚ್ಚಿಸಲು ಸಾಧ್ಯವೇ ಇಲ್ಲವೆಂದರೆ, ಊಟಿ, ಕೊಡೈಕನಾಲ್, ಮಡಿಕೇರಿ, ಚಿಕ್ಕಮಗಳೂರಿನಂಥ ಬೆಟ್ಟದೂರಿನ ಓಟವನ್ನು ಈ ವರ್ಷ ಆರಿಸಿಕೊಳ್ಳಿ. ಇವುಗಳಲ್ಲಿ ಅತಿ ಎತ್ತರದ ಊಟಿಯೂ 2,500 ಮೀಟರ್‌ನ ಒಳಗಿದೆ. ಹಿಂದಿನ ದಿನ ಹೋಗಿ ಓಡಿದರೂ ಉಸಿರು ಹೆಚ್ಚು ಬೇಕಾದೀತು, ಪ್ರಾಣಕ್ಕೆ ಕುತ್ತು ಬರುವ ಸಂಭವ ತೀರಾ ಕಡಿಮೆ. ಎತ್ತರಕ್ಕೆ ಹೋದ ದಿನವೇ ಓಡಿ ಮುಗಿಸಿಬಿಟ್ಟರೆ ದೇಹಕ್ಕೆ ಗೊತ್ತಾಗುವುದಿಲ್ಲ ಎಂದು ಕೆಲವು ತರಬೇತುದಾರರು ಹೇಳುವ ಉಪಾಯ ಹೊಂದುವುದೂ ಇಂಥ ಎತ್ತರಗಳಿಗೆ. ಅದನ್ನು 3,500 ಮೀಟರ್‌ಗೆ ಅನ್ವಯಿಸಬಾರದು.

ಲೇಹ್‌ಗೇ ಹೋಗುವುದೆಂದಾದರೆ ಮೊದಲ ಎರಡು ದಿನ ಕೋಣೆ, ಊಟದ ಮನೆ, ಅಂಗಳ, ಅಷ್ಟೇ. ಶಾಂತಿಸ್ತೂಪದ ಮೆಟ್ಟಿಲೂ ಬೇಡ. ಮೂರು ಮತ್ತು ನಾಲ್ಕನೆಯ ದಿನ ಮಾರುಕಟ್ಟೆಯ ಬೀದಿಯಲ್ಲಿ ನಿಧಾನ ನಡಿಗೆ. ಐದನೆಯ ದಿನ ಮೈ ಹಗುರವಾಗಿದ್ದರೆ ಎರಡು ಮೂರು ಕಿಲೋಮೀಟರ್, ಪೂರ್ತಿ ವಾಕ್ಯ ಮಾತನಾಡುತ್ತಾ ಓಡಬಹುದಾದಷ್ಟು ನಿಧಾನವಾಗಿ. ಆರನೆಯ ಮತ್ತು ಏಳನೆಯ ದಿನ ನಾಲ್ಕೈದು ಕಿಲೋಮೀಟರ್, ಅದರಲ್ಲೊಂದು ಸಣ್ಣ ಏರು. ಓಟದ ಹಿಂದಿನ ದಿನ ವಿಶ್ರಾಂತಿ. ರಾತ್ರಿ ಉಸಿರು ಕೆಲವು ಕ್ಷಣ ನಿಂತು ಮತ್ತೆ ಜೋರಾಗಿ ಶುರುವಾಗಿ ಎಚ್ಚರವಾಗುವುದು ಅಲ್ಲಿ ಸಾಮಾನ್ಯ. ಅದಕ್ಕೆ ಹೆದರಿ ನಿದ್ರೆಮಾತ್ರೆ ನುಂಗಬೇಡಿ. ಟ್ಯಾಕ್ಸಿಯವರು ಪ್ಯಾಂಗಾಂಗ್ ಸರೋವರ, ಖರ್ದುಂಗ್ ಲಾ ಎಂದು ಕರೆಯುತ್ತಾರೆ, ಗೆಳತಿಯರಿಗೂ ಕೋಣೆಯಲ್ಲಿ ಕುಳಿತು ಬೇಸರವಾಗಿರುತ್ತದೆ. ಆ ಪ್ರವಾಸವನ್ನು ಓಟದ ನಂತರಕ್ಕೆ ಇಟ್ಟುಕೊಳ್ಳಿ.

ಓಟದ ದಿನ ಬೆಳಿಗ್ಗೆ ತಲೆನೋವಿದ್ದರೆ ಮಾತ್ರೆ ನುಂಗಿ ಗೆರೆಯಲ್ಲಿ ನಿಲ್ಲಬೇಡಿ, ಓಡಬೇಡಿ. ಇದನ್ನು ನಾಲ್ವರೂ ಊರಿನಲ್ಲೇ ಮಾತಾಡಿ ಒಪ್ಪಿಕೊಂಡಿರಿ. ಅಲ್ಲಿ ನಿಂತಾಗ ತೀರ್ಮಾನಿಸುವುದು ಕಷ್ಟ. ಚೆನ್ನಾಗಿದ್ದರೆ 2 ಗಂಟೆ 25 ನಿಮಿಷವನ್ನು ಮರೆತುಬಿಡಿ, ಮೂರು ಗಂಟೆಯ ಆಸುಪಾಸು ಎಂದಿಟ್ಟುಕೊಳ್ಳಿ, ಹೆಸರು ಕೊಡುವ ಮೊದಲೇ ಓಟದ ಕಾಲಮಿತಿಯನ್ನು ನೋಡಿಕೊಳ್ಳಿ. ಇಳಿಜಾರಿನಲ್ಲಿ ಮೈ ಹಗುರವೆನಿಸಿ ವೇಗ ತಾನಾಗಿ ಏರುತ್ತದೆ; ಅಲ್ಲಿ ತಡೆದುಕೊಂಡವರಿಗೆ ಕೊನೆಯ ಏರಿನಲ್ಲಿ ಉಸಿರು ಉಳಿದಿರುತ್ತದೆ. ಏರು ಬಂದಾಗ ನಡೆಯಲು ನಾಚಬೇಡಿ. ಮುಂಜಾನೆ ಚಳಿ ಹತ್ತು ಡಿಗ್ರಿಗಿಂತ ಕೆಳಗಿರಬಹುದು, ಹೊತ್ತೇರಿದಂತೆ ಬಿಸಿಲು ಚುರುಗುಟ್ಟುತ್ತದೆ; ಕೈಗವಸು, ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ ತೆಳು ಮೇಲಂಗಿ, ಕಪ್ಪು ಕನ್ನಡಕ, ತುಟಿಗೂ ಮುಖಕ್ಕೂ ಸನ್‌ಸ್ಕ್ರೀನ್ ಬೇಕೇ ಬೇಕು. ಒಣಗಾಳಿಯಲ್ಲಿ ಉಸಿರಿನ ಮೂಲಕವೇ ನೀರು ಹೋಗುತ್ತದೆ, ಬಾಯಾರಿದಾಗಲೆಲ್ಲ ಕುಡಿಯಿರಿ. ಆದರೆ ನೀರು ಕುಡಿದಷ್ಟೂ ಎತ್ತರದ ಕಾಯಿಲೆ ಬರುವುದಿಲ್ಲವೆಂದು ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಇನ್ನೊಂದು ಅಪಾಯವಾಗುತ್ತದೆ. ಮೈಕೈ ನೋವಿಗೆಂದು ಓಟದ ಮುಂಚೆ ಐಬುಪ್ರೊಫೆನ್ ನುಂಗುವ ರೂಢಿ ಇದ್ದರೆ ಬಿಡಿ, ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ.

ವಿಮಾನದ ಟಿಕೆಟ್ ಅಗ್ಗವಾಗಿ ಸಿಗುತ್ತಿದೆ ಎಂದು ಇಂದೇ ಕಾಯ್ದಿರಿಸಬೇಡಿ. ಮೊದಲು ಫೆರಿಟಿನ್ ಮತ್ತು ಇಸಿಜಿ, ಅವುಗಳ ವರದಿಯೊಂದಿಗೆ ನಿಮ್ಮ ವೈದ್ಯರ ಭೇಟಿ, ಆಮೇಲೆ ಮುಖ್ಯೋಪಾಧ್ಯಾಯರ ಬಳಿ ರಜೆಯ ಮಾತು. ಅಷ್ಟು ದಿನ ರಜೆ ಸಿಕ್ಕರೆ, ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ ಕೊಳ್ಳಿ. ಆಗಸ್ಟ್‌ನ ಹಿಮೋಗ್ಲೋಬಿನ್ ವರದಿ ಏನು ಹೇಳುತ್ತದೆ ಎಂಬುದನ್ನು ನೋಡಿಯೇ ಹೊರಡಬೇಕು.